ಹಸಿರು ಚಹಾ, ವಂಶವಾಹಿ ಮತ್ತು ಶ್ವಾಸಕೋಶದ ಕ್ಯಾನ್ಸರ್

ಬೈರಮಂಗಲದ ಸುತ್ತಮುತ್ತ ರೇಷ್ಮೆ ಹುಳು ಸಾಕುವವರಿಗೆ ಒಂದು ನಿಯಮ ತಿಳಿದೇ ಇದೆ: ಹುಳು ಸಾಕುವ ಮನೆಯಲ್ಲಿ ಬೀಡಿ ಸೇದಬಾರದು. ಹೊಗೆಸೊಪ್ಪಿನಲ್ಲಿರುವ ನಿಕೋಟಿನ್ ಹುಳುಗಳಿಗೆ ವಿಷ. ಮನುಷ್ಯನ ಶ್ವಾಸಕೋಶಕ್ಕೂ ಬೀಡಿಯ ಹೊಗೆ ಶತ್ರುವೇ. ಹಸಿರು ಚಹಾ ಕುಡಿದರೆ ಈ ಕೇಡು ಪರಿಹಾರವಾಗುವುದೆಂದು ಕೆಲವರು ನಂಬುವುದುಂಟು. ಇದರ ನಿಜಸ್ಥಿತಿಯನ್ನು ದಂಪತಿಗಳಿಬ್ಬರೂ ಅರಿಯುವುದು ಅವಶ್ಯ.

ವಂಶವಾಹಿಗಳ ಕಾರ್ಯ

ದೇಹದ ಜೀವಕೋಶಗಳು ಯಾವಾಗ ಬೆಳೆಯಬೇಕು, ಯಾವಾಗ ನಿಲ್ಲಬೇಕು ಎಂಬುದನ್ನು ಅವುಗಳೊಳಗಿನ ವಂಶವಾಹಿಗಳು ನಿಯಂತ್ರಿಸುತ್ತವೆ. ಪಿ-53 ಎಂಬ ವಂಶವಾಹಿಯು ಕಾವಲುಗಾರನಂತೆ. ಹೊಗೆಯಲ್ಲಿರುವ ಬೆಂಜೋಪೈರೀನ್ ಮೊದಲಾದ ರಾಸಾಯನಿಕಗಳು ಅದನ್ನು ಕೆಡಿಸಬಲ್ಲವು. ಬೇರೆ ಕೆಲವು ಕಾವಲು ವಂಶವಾಹಿಗಳು ಕೆಡದಿದ್ದರೂ ಬೀಗ ಹಾಕಿದಂತೆ ನಿಷ್ಕ್ರಿಯವಾಗುತ್ತವೆ. ಆಗ ಕೋಶಗಳು ಅಂಕೆಯಿಲ್ಲದೆ ಬೆಳೆಯುವುದೇ ಕ್ಯಾನ್ಸರ್.

ಚಹಾದ ಗುಣ

ಹಸಿರು ಚಹಾ ಮತ್ತು ನಾವು ನಿತ್ಯ ಕುಡಿಯುವ ಚಹಾ ಒಂದೇ ಗಿಡದ ಎಲೆಗಳು. ಕೊಯ್ದ ಎಲೆಯನ್ನು ಬೇಗನೆ ಬಿಸಿಮಾಡಿ ಒಣಗಿಸುವುದರಿಂದ ಹಸಿರು ಚಹಾದಲ್ಲಿ ಕ್ಯಾಟೆಚಿನ್‌ಗಳೆಂಬ ವಸ್ತುಗಳು ಹೆಚ್ಚಾಗಿ ಉಳಿಯುತ್ತವೆ. ಇವುಗಳಲ್ಲಿ ಮುಖ್ಯವಾದುದು ಇ.ಜಿ.ಸಿ.ಜಿ. ಇದು ಪ್ರಯೋಗಾಲಯದಲ್ಲಿ ಬೆಳೆಸಿದ ಅನ್ನನಾಳದ ಕ್ಯಾನ್ಸರ್ ಕೋಶಗಳಲ್ಲಿ ನಿಷ್ಕ್ರಿಯ ವಂಶವಾಹಿಗಳ ಬೀಗ ತೆರೆಯಿತೆಂದು 2003ರ ಸಂಶೋಧನೆಯೊಂದು ತಿಳಿಸಿತು. ಮುಂದೆ ಶ್ವಾಸಕೋಶದ ಕ್ಯಾನ್ಸರ್ ಕೋಶಗಳಲ್ಲಿಯೂ ಇಂತಹ ಪರಿಣಾಮ ಕಂಡುಬಂದಿತು.

ಆದರೆ ಪ್ರಯೋಗಗಳಲ್ಲಿ ಬಳಸುವಷ್ಟು ಪ್ರಮಾಣವು ಚಹಾ ಕುಡಿದವರ ರಕ್ತದಲ್ಲಿ ಸಾಮಾನ್ಯವಾಗಿ ಸೇರದು. ಹಸಿರು ಚಹಾ ಮನುಷ್ಯರಲ್ಲಿ ಶ್ವಾಸಕೋಶದ ಕ್ಯಾನ್ಸರನ್ನು ತಡೆಯುವುದೆಂದು ಸಿದ್ಧಪಟ್ಟಿಲ್ಲ. ಅದು ಬೀಡಿಯ ವಿಷಕ್ಕೆ ಮದ್ದಲ್ಲ.

ನೆನಪಿಡತಕ್ಕ ಅಂಶಗಳು

1. ಊಟದೊಡನೆ ಚಹಾ ಕುಡಿದರೆ ಆಹಾರದ ಕಬ್ಬಿಣಾಂಶ ಸರಿಯಾಗಿ ಮೈಗೂಡದು. ಗರ್ಭಿಣಿಯರು ಊಟದ ಹಾಗೂ ಕಬ್ಬಿಣದ ಮಾತ್ರೆಯ ಹೊತ್ತಿನಲ್ಲಿ ಚಹಾ ಸೇವಿಸಬಾರದು.

2. ಹಸಿರು ಚಹಾಸಾರದ ಮಾತ್ರೆಗಳು ಹೆಚ್ಚಾದರೆ ಯಕೃತ್ತಿಗೆ ಹಾನಿಯಾಗಬಹುದು. ವೈದ್ಯರ ಸಲಹೆಯಿಲ್ಲದೆ ಸೇವಿಸಬೇಡಿರಿ.

3. ಬೀಡಿ, ಸಿಗರೇಟು ಬಿಡುವುದೇ ಸರಿಯಾದ ರಕ್ಷಣೆ. ಬಿಟ್ಟ ಸುಮಾರು 10 ವರ್ಷಗಳಲ್ಲಿ ಶ್ವಾಸಕೋಶದ ಕ್ಯಾನ್ಸರಿನ ಅಪಾಯವು, ಸೇದುತ್ತಲೇ ಇರುವವರಿಗಿರುವ ಅಪಾಯದ ಅರ್ಧದಷ್ಟಕ್ಕೆ ಇಳಿಯುತ್ತದೆ.

4. ಪತಿಯು ಸೇದಿ ಬಿಟ್ಟ ಹೊಗೆ ಗರ್ಭಿಣಿ ಪತ್ನಿಗೂ ಹಸುಳೆಗೂ ಕೇಡು. ಹುಳು ಸಾಕುವ ಮನೆಯ ಕಟ್ಟುಪಾಡು ವಾಸದ ಮನೆಯಲ್ಲಿಯೂ ಇರಲಿ.

5. ಬಿಡಲು ನೆರವು ಬೇಕಾದವರು 1800-11-2356 ಸಂಖ್ಯೆಗೆ ಉಚಿತವಾಗಿ ಕರೆಮಾಡಬಹುದು. ಮೂರು ವಾರ ಮೀರಿದ ಕೆಮ್ಮು ಅಥವಾ ಕಫದಲ್ಲಿ ರಕ್ತ ಕಂಡರೆ ತಡಮಾಡದೆ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಪರೀಕ್ಷಿಸಿಕೊಳ್ಳಿರಿ. ಕ್ಯಾನ್ಸರಿನ ಚಿಕಿತ್ಸೆಗೆ ಬೆಂಗಳೂರಿನಲ್ಲಿ ಕಿದ್ವಾಯಿ ಆಸ್ಪತ್ರೆಯಿದೆ.