ಧನಕವಡಿಯ ಕುಂಡದಲ್ಲಿ ಲೆಮನ್ ಬಾಮ್: ಚಳಿಗಾಲದಲ್ಲಿ ಬೆಳೆಸಿ, ಮಳೆಗಾಲದಲ್ಲಿ ಉಳಿಸಿ

ಪುಣೆಯವರ ಚಹಾಕ್ಕೆ ಗವತಿ ಚಹಾ ಬಿದ್ದರೇನೇ ರುಚಿ. ಕನ್ನಡದಲ್ಲಿ ಮಜ್ಜಿಗೆ ಹುಲ್ಲು, ನಿಂಬೆ ಹುಲ್ಲು ಎಂದು ಕರೆಯುವ ಆ ಹುಲ್ಲು ಇಲ್ಲಿನ ತರಕಾರಿ ಗಾಡಿಗಳಲ್ಲಿ ಕೊತ್ತಂಬರಿಯ ಪಕ್ಕದಲ್ಲೇ ಇರುತ್ತದೆ. ಅದೇ ನಿಂಬೆಯ ಘಮವನ್ನು ಇನ್ನೂ ಮೆತ್ತಗೆ, ಪುದೀನದಂಥ ಎಲೆಯಲ್ಲಿ ಕೊಡುವ ಗಿಡ ಲೆಮನ್ ಬಾಮ್. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಮೆಲಿಸ್ಸಾ ಅಫಿಸಿನಾಲಿಸ್. ತುಳಸಿ, ಪುದೀನ, ದೊಡ್ಡಪತ್ರೆಗಳ ಕುಟುಂಬಕ್ಕೆ ಸೇರಿದ್ದು. ಮೆಡಿಟರೇನಿಯನ್ ಸುತ್ತಿನ ದಕ್ಷಿಣ ಯೂರೋಪಿನಿಂದ ಇರಾನಿನವರೆಗೆ ಇದರ ತವರು.

ನರ್ಸರಿಯಿಂದ ತಂದ ಗಿಡ ಮೇ ತಿಂಗಳ ಬಿಸಿಲಿಗೆ ಸುಟ್ಟುಹೋಯಿತು, ಇಲ್ಲವೇ ಜುಲೈ ಮಳೆಗೆ ಬುಡ ಕೊಳೆಯಿತು ಎನ್ನುವವರೇ ಹೆಚ್ಚು. ಅದಕ್ಕೆ ಮುಖ್ಯ ಕಾರಣ ಬೀಜದ ಪೊಟ್ಟಣದ ಹಿಂದೆ ಅಚ್ಚಾಗಿರುವ ಕ್ಯಾಲೆಂಡರ್. ಅದು ತಣ್ಣನೆ ದೇಶದ ಲೆಕ್ಕ: ಮಾರ್ಚ್–ಏಪ್ರಿಲ್‌ನಲ್ಲಿ ಬಿತ್ತಿ, ಪೂರ್ತಿ ಬಿಸಿಲಿನಲ್ಲಿಡಿ ಎನ್ನುತ್ತದೆ. ಪುಣೆಯಲ್ಲಿ ಈ ಲೆಕ್ಕವನ್ನು ತಿರುಗಿಸಿಕೊಳ್ಳಬೇಕು. ಇಲ್ಲಿ ಲೆಮನ್ ಬಾಮ್ ಹಿಂಗಾರಿ ಬೆಳೆ. ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಅದು ಬೆಳೆಯುವ ಕಾಲ. ಉಳಿದ ಆರು ತಿಂಗಳು ಗಿಡದ ಜೀವ ಉಳಿಸಿಕೊಳ್ಳುವ ಕಾಲ.

ಗಿಡದ ಗುರುತು

ಕೊಳ್ಳುವ ಮೊದಲು ಗುರುತು ಹಿಡಿಯಿರಿ. ಲೆಮನ್ ಬೇಸಿಲ್, ಲೆಮನ್ ಮಿಂಟ್, ನಿಂಬೆ ಹುಲ್ಲು ಎಲ್ಲವೂ ‘ಲೆಮನ್’ ಎಂಬ ಒಂದೇ ಚೀಟಿಯಡಿ ಮಾರಾಟವಾಗುವುದುಂಟು. ಲೆಮನ್ ಬಾಮ್‌ನ ಕಾಂಡ ಚೌಕಾಕಾರ. ಎಲೆಗಳು ಎದುರುಬದುರಾಗಿ ಜೋಡಿಜೋಡಿಯಾಗಿ ಬರುತ್ತವೆ. ಎಲೆಯ ಮೈ ಸುಕ್ಕುಸುಕ್ಕು, ಅಂಚು ಮೊಂಡು ಹಲ್ಲಿನದು, ಮೇಲೆ ಸಣ್ಣ ರೋಮ. ಎಲೆ ಉಜ್ಜಿದರೆ ನಿಂಬೆ ಸಿಪ್ಪೆಯ ವಾಸನೆ. ಪುದೀನ ನೆಲದಲ್ಲಿ ಬಳ್ಳಿಬೇರು ಓಡಿಸಿ ಎಲ್ಲೆಡೆ ಹಬ್ಬುತ್ತದೆ. ಇದು ಇದ್ದ ಜಾಗದಲ್ಲೇ ಪೊದೆ ಕಟ್ಟಿಕೊಂಡು ಒಂದೂವರೆ–ಎರಡು ಅಡಿ ಬೆಳೆಯುತ್ತದೆ.

ಯುನಾನಿ ವೈದ್ಯರ ‘ಬಾದರಂಜಬೂಯಾ’ ಎಂಬ ಮೂಲಿಕೆಯೂ ಇದೇ ಗಿಡ. ಆದರೆ ನಮ್ಮ ದೇಶದ ಗಂಧಿಗೆ ಅಂಗಡಿಗಳಲ್ಲಿ ಆ ಹೆಸರಿನಲ್ಲಿ ಬೇರೆ ಜಾತಿಯ ಒಣ ಸೊಪ್ಪೂ ಮಾರಾಟವಾಗುತ್ತದೆ. ಅಡುಗೆಗಾಗಲಿ ಕಷಾಯಕ್ಕಾಗಲಿ ನೀವೇ ಬೆಳೆದ ಎಲೆಯ ಮೇಲೆ ಇಡಬಹುದಾದ ಭರವಸೆ ಅಂಗಡಿಯ ಪುಡಿಯ ಮೇಲೆ ಇಡಲಾಗದು.

ಜಾಗ ಮತ್ತು ಬಿಸಿಲು

ಧನಕವಡಿ ಪುಣೆಯ ದಕ್ಷಿಣಕ್ಕೆ, ಸಾತಾರಾ ರಸ್ತೆಯ ಬದಿಗೆ, ತಳಜಾಯಿ ಗುಡ್ಡ ಮತ್ತು ಕಾತ್ರಜ್ ಘಟ್ಟದ ನಡುವೆ ಇದೆ. ಡಿಸೆಂಬರ್–ಜನವರಿಯ ರಾತ್ರಿ ಉಷ್ಣಾಂಶ 10–12 ಡಿಗ್ರಿಗೆ ಇಳಿಯುತ್ತದೆ. ಏಪ್ರಿಲ್–ಮೇ ಹಗಲು 38–40 ಡಿಗ್ರಿ ಮುಟ್ಟುತ್ತದೆ. ಚಳಿ ಈ ಗಿಡಕ್ಕೆ ಹಿತ, ಬಿಸಿಲಿನ ಝಳವೇ ವೈರಿ.

ಆದ್ದರಿಂದ ಪೂರ್ವ ದಿಕ್ಕಿನ ಗ್ಯಾಲರಿ ಅತ್ಯುತ್ತಮ. ಬೆಳಗಿನ ಮೂರು–ನಾಲ್ಕು ಗಂಟೆ ಎಳೆಬಿಸಿಲು, ಆಮೇಲೆ ಬೆಳಕಿನ ನೆರಳು ಸಿಕ್ಕರೆ ಸಾಕು. ಪಶ್ಚಿಮದ ಗ್ಯಾಲರಿಯಾದರೆ ಫೆಬ್ರವರಿ ಕೊನೆಯಿಂದಲೇ 50 ಪ್ರತಿಶತದ ಹಸಿರು ನೆರಳು ಬಲೆ ಕಟ್ಟಿ. ತಾರಸಿಯ ಮೇಲೆ ಇಡುವುದಾದರೆ ಕುಂಡವನ್ನು ನೇರ ಕಾಂಕ್ರೀಟಿನ ಮೇಲೆ ಇಡದೆ ಎರಡು ಇಟ್ಟಿಗೆಗಳ ಮೇಲೆ ಕೂರಿಸಿ. ಕಾದ ನೆಲ ಬೇರನ್ನು ಬೇಯಿಸುವುದೂ ತಪ್ಪುತ್ತದೆ, ಮಳೆಗಾಲದಲ್ಲಿ ನೀರು ಬಸಿಯಲು ದಾರಿಯೂ ಆಗುತ್ತದೆ.

ಮಣ್ಣು ಮತ್ತು ಕುಂಡ

ಸುತ್ತಲಿನ ನೆಲವೆಲ್ಲ ಕಪ್ಪುಕಲ್ಲಿನಿಂದ ಆದದ್ದು: ಕೆಲವೆಡೆ ಮೊರಂ, ಕೆಲವೆಡೆ ಎರೆ. ಎರೆ ಮಣ್ಣನ್ನೇ ಕುಂಡಕ್ಕೆ ತುಂಬಿದರೆ ಮಳೆಯಲ್ಲಿ ಕೆಸರು, ಬೇಸಿಗೆಯಲ್ಲಿ ಬಿರುಕು. ಅದರಲ್ಲಿ ಸುಣ್ಣದ ಅಂಶವೂ ಜಾಸ್ತಿ. ಲೆಮನ್ ಬಾಮ್‌ಗೆ ರಸಸಾರ 6ರಿಂದ 7.5ರೊಳಗಿನ, ನೀರು ಬಸಿಯುವ ಮಣ್ಣು ಬೇಕು.

ಕುಂಡದ ಮಿಶ್ರಣ ಹೀಗಿರಲಿ: ಕೆಂಪು ಮಣ್ಣು ಎರಡು ಪಾಲು, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಅಥವಾ ಎರೆಹುಳು ಗೊಬ್ಬರ ಒಂದು ಪಾಲು, ತೊಳೆದ ತೆಂಗಿನ ನಾರಿನ ಪುಡಿ ಅರ್ಧ ಪಾಲು, ದಪ್ಪ ಮರಳು ಅರ್ಧ ಪಾಲು, ಕುಂಡಕ್ಕೊಂದು ಹಿಡಿ ಬೇವಿನ ಹಿಂಡಿ. ಹೌಸಿಂಗ್ ಸೊಸೈಟಿಯ ಅಂಗಳದಲ್ಲಿ ಗುಡಿಸಿ ಸುಡುವ ಒಣ ಎಲೆಯನ್ನು ಚೀಲದಲ್ಲಿ ತೇವವಾಗಿಟ್ಟು ಕೊಳೆಸಿದರೆ ಗೊಬ್ಬರದ ಖರ್ಚು ಉಳಿಯುತ್ತದೆ.

ಕುಂಡ 10–12 ಇಂಚು ಅಗಲ, ಅಷ್ಟೇ ಆಳ ಇರಲಿ. ಒಂದು ಕುಂಡಕ್ಕೆ ಒಂದೇ ಗಿಡ. ನೆಲದ ಮಡಿಯಲ್ಲಾದರೆ ಗಿಡದಿಂದ ಗಿಡಕ್ಕೆ ಒಂದರಿಂದ ಒಂದೂವರೆ ಅಡಿ ಅಂತರ ಬಿಟ್ಟು, ಅರ್ಧ ಅಡಿ ಎತ್ತರದ ಏರುಮಡಿ ಮಾಡಿ.

ಸಸಿ ಮಾಡುವ ಬಗೆ

ಹಸ್ತ ಮಳೆ ತೆರಪಾಗಿ ಚಿತ್ತಾ ಕಾಲಿಡುವ ಅಕ್ಟೋಬರ್ ನಡುವಿನ ಹೊತ್ತು ಬಿತ್ತನೆಗೆ ಸರಿ. ಬೀಜ ರಾಗಿಗಿಂತಲೂ ಸಣ್ಣದು. ಒಂದು ಗ್ರಾಂನಲ್ಲಿ 1,500ಕ್ಕೂ ಹೆಚ್ಚು ಬೀಜ ಇರುತ್ತವೆ. ಮೊಳೆಯಲು ಬೆಳಕು ಬೇಕಾದ್ದರಿಂದ ಮಣ್ಣಿನೊಳಗೆ ಹೂಳಬೇಡಿ. ತೇವ ಮಾಡಿದ ಟ್ರೇ ಮೇಲೆ ಉದುರಿಸಿ, ಅಂಗೈಯಿಂದ ಒತ್ತಿ, ಮೇಲೆ ನಾರಿನ ಪುಡಿ ತೆಳುವಾಗಿ ಎರಚಿ, ನೀರನ್ನು ಸ್ಪ್ರೇ ಬಾಟಲಿಯಿಂದ ಕೊಡಿ. ಎರಡು–ಮೂರು ವಾರದಲ್ಲಿ ಮೊಳಕೆ ಕಾಣುತ್ತದೆ. ನಾಲ್ಕೈದು ಎಲೆ ಬಂದ ಸಸಿಯನ್ನು ಕುಂಡಕ್ಕೆ ಬದಲಿಸಿ.

ಒಂದು ಗಿಡ ಕೈಯಲ್ಲಿದ್ದರೆ ಬೀಜದ ಗೊಡವೆಯೇ ಬೇಡ. ಹೂ ಬಿಡದ ಕೊಂಬೆಯ ತುದಿಯನ್ನು ನಾಲ್ಕು ಇಂಚು ಕತ್ತರಿಸಿ, ಕೆಳಗಿನ ಎಲೆ ತೆಗೆದು, ನಾರಿನ ಪುಡಿಯಲ್ಲಿ ಅಥವಾ ನೀರಿನ ಲೋಟದಲ್ಲಿ ಇಟ್ಟರೆ ಎರಡು–ಮೂರು ವಾರದಲ್ಲಿ ಬೇರು ಬಿಡುತ್ತದೆ. ಎರಡು ವರ್ಷದ ಪೊದೆಯನ್ನು ಬೇರುಸಹಿತ ಅಗೆದು, ಮೂರ್ನಾಲ್ಕು ಭಾಗ ಮಾಡಿ ನೆಡಲೂಬಹುದು. ಇದಕ್ಕೂ ಅಕ್ಟೋಬರ್ ಕೊನೆಯೇ ಸೂಕ್ತ.

ಕಡ್ಡಿಯಿಂದಲೇ ಸಸಿ ಮಾಡಿ ಎನ್ನಲು ಇನ್ನೊಂದು ಕಾರಣವಿದೆ. ಹಗಲು ಉದ್ದವಾದಾಗ ಹೂ ಬಿಡುವುದು ಈ ಗಿಡದ ಸ್ವಭಾವ. ಲಂಡನ್ನಿನಲ್ಲಿ ಜೂನ್ ತಿಂಗಳ ಹಗಲು 16 ಗಂಟೆ ದಾಟುತ್ತದೆ; ಪುಣೆಯಲ್ಲಿ ವರ್ಷದ ಅತಿ ದೊಡ್ಡ ಹಗಲೂ ಸುಮಾರು 13 ಗಂಟೆ ಮಾತ್ರ. ಹೀಗಾಗಿ ಇಲ್ಲಿ ಹೂ, ಬೀಜ ನೆಚ್ಚಿಕೊಂಡು ಕೂರುವಂತಿಲ್ಲ. ಸೊಪ್ಪಿಗಾಗಿ ಬೆಳೆಯುವವರಿಗೆ ಇದು ಲಾಭವೇ: ಹೂ ಬಿಟ್ಟ ಮೇಲೆ ಎಲೆ ಒರಟಾಗಿ ಘಮ ಕಳೆದುಕೊಳ್ಳುತ್ತದೆ.

ನೀರು ಮತ್ತು ಗೊಬ್ಬರ

ಮಣ್ಣಿನೊಳಗೆ ಬೆರಳು ಒಂದು ಇಂಚು ಇಳಿಸಿ ನೋಡಿ. ಒಣಗಿದ್ದರೆ ಮಾತ್ರ ನೀರು. ಚಳಿಗಾಲದಲ್ಲಿ ಎರಡು–ಮೂರು ದಿನಕ್ಕೊಮ್ಮೆ, ಬೇಸಿಗೆಯಲ್ಲಿ ದಿನಾ ಬೆಳಿಗ್ಗೆ ಬೇಕಾದೀತು. ಕೊಳವೆಬಾವಿಯ ಗಡಸು ನೀರನ್ನೇ ಹಾಕುತ್ತ ಹೋದರೆ ಎಲೆಯ ನರ ಹಸಿರಾಗಿಯೇ ಉಳಿದು, ನಡುವಿನ ಭಾಗ ಹಳದಿಗೆ ತಿರುಗುತ್ತದೆ. ಅದು ಕಬ್ಬಿಣದ ಕೊರತೆ. ಮಣ್ಣಿನಲ್ಲಿ ಕಬ್ಬಿಣವಿದ್ದರೂ ಸುಣ್ಣದ ದೆಸೆಯಿಂದ ಬೇರಿಗೆ ದಕ್ಕುವುದಿಲ್ಲ. ಆಗ ಮೇಲಿನ ಎರಡು ಇಂಚು ಮಣ್ಣು ತೆಗೆದು ಎರೆಹುಳು ಗೊಬ್ಬರ ತುಂಬಿ, ನಳದ ನೀರನ್ನೋ ಹಿಡಿದಿಟ್ಟ ಮಳೆನೀರನ್ನೋ ಕೊಡಿ.

ಗೊಬ್ಬರ ಕೊಡುವಲ್ಲಿ ಕೈ ಬಿಗಿಯಿರಲಿ. ಯೂರಿಯಾ ಹಾಕಿದರೆ ಎಲೆ ದೊಡ್ಡದಾಗುತ್ತದೆ, ಘಮ ತೆಳುವಾಗುತ್ತದೆ, ಹೇನು ಮುತ್ತುತ್ತದೆ. ಪ್ರತಿ ಕಟಾವಿನ ನಂತರ ಎರಡು ಹಿಡಿ ಎರೆಹುಳು ಗೊಬ್ಬರ ಸಾಕು.

ಮಳೆಗಾಲದ ಎಚ್ಚರ

ಪುಣೆಯ ವಾರ್ಷಿಕ ಮಳೆ ಸುಮಾರು 700 ಮಿ.ಮೀ.; ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀಳುತ್ತದೆ. ಮಳೆಯ ಪ್ರಮಾಣಕ್ಕಿಂತ ವಾರಗಟ್ಟಲೆ ಬಿಡದ ಜಿಟಿಜಿಟಿ, ಒಣಗದ ಎಲೆ, ಆಡದ ಗಾಳಿ ಗಿಡಕ್ಕೆ ಹೆಚ್ಚು ಕೇಡು. ಮೃಗಶಿರಾ ಹಿಡಿಯುವ ಮುನ್ನ, ಅಂದರೆ ಜೂನ್ ಮೊದಲ ವಾರದೊಳಗೆ, ನಾಲ್ಕು ಕೆಲಸ ಮುಗಿಸಿ. ಪೊದೆಯ ನಡುವಿನ ಒತ್ತಾದ ಕೊಂಬೆಗಳನ್ನು ಸವರಿ. ಕುಂಡವನ್ನು ಮಳೆ ನೇರ ಬೀಳದ, ಬೆಳಕಿರುವ ಕಡೆಗೆ ಸರಿಸಿ. ಕುಂಡದ ತಳದ ತೂತು ಕಟ್ಟಿಲ್ಲವೆಂದು ಕಡ್ಡಿ ತೂರಿಸಿ ಖಾತ್ರಿ ಮಾಡಿಕೊಳ್ಳಿ. ನಾಲ್ಕೈದು ಕಡ್ಡಿಗಳನ್ನು ಬೇರೆ ಕುಂಡದಲ್ಲಿ ಬೇರು ಬರಿಸಿ ಇಟ್ಟುಕೊಳ್ಳಿ. ತಾಯಿಗಿಡ ಹೋದರೂ ವಂಶ ಉಳಿಯುತ್ತದೆ.

ಕುಂಡದ ಅಡಿಯ ತಟ್ಟೆಗಳನ್ನು ಮಳೆಗಾಲದಲ್ಲಿ ಎತ್ತಿಡಿ. ಅದರಲ್ಲಿ ನಿಂತ ನೀರಿನಿಂದ ಬೇರು ಕೊಳೆಯುವುದಲ್ಲದೆ ಡೆಂಗಿ ಹರಡುವ ಸೊಳ್ಳೆಯೂ ಹುಟ್ಟುತ್ತದೆ. ಗಿಡದ ವಾಸನೆಗೆ ಸೊಳ್ಳೆ ಬರುವುದಿಲ್ಲ ಎಂದು ನಂಬಿ ತಟ್ಟೆಯನ್ನು ಮರೆಯಬೇಡಿ. ಎಲೆ ಉಜ್ಜಿದಾಗ ಹೊರಡುವ ವಾಸನೆ, ಸುಮ್ಮನೆ ನಿಂತ ಗಿಡದಿಂದ ಅಷ್ಟಾಗಿ ಬರದು.

ಕೀಟ, ರೋಗ

ಮಾರ್ಚ್ ನಂತರದ ಒಣಹವೆಯಲ್ಲಿ ಎಲೆಯ ಅಡಿ ಕೆಂಪು ಜೇಡನುಸಿ ಸೇರಿಕೊಂಡು, ಎಲೆಯ ಮೇಲೆ ಸಣ್ಣ ಬಿಳಿ ಚುಕ್ಕೆಗಳನ್ನು ಮೂಡಿಸುತ್ತದೆ. ಎರಡು ದಿನಕ್ಕೊಮ್ಮೆ ಎಲೆಯ ಅಡಿಗೆ ರಭಸವಾಗಿ ನೀರು ಹೊಡೆದರೆ ತಗ್ಗುತ್ತದೆ. ಸಸ್ಯಹೇನು, ಬಿಳಿನೊಣಕ್ಕೆ ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, ಕೆಲವು ಹನಿ ಸೋಪಿನ ದ್ರಾವಣ ಬೆರೆಸಿ ಸಂಜೆ ಸಿಂಪಡಿಸಿ. ಸಿಂಪಡಿಸಿದ ಮೇಲೆ ಒಂದು ವಾರ ಎಲೆ ಕೀಳಬೇಡಿ. ಚಳಿಯಲ್ಲಿ ಬೂದಿ ರೋಗ ಬಂದರೆ ಆ ಕೊಂಬೆಗಳನ್ನು ಬುಡದಿಂದ ಎರಡು–ಮೂರು ಇಂಚು ಬಿಟ್ಟು ಕತ್ತರಿಸಿ ಎಸೆಯುವುದೇ ಒಳ್ಳೆಯದು. ಹಸಿಯಾಗಿ ತಿನ್ನುವ ಸೊಪ್ಪಿಗೆ ಶಿಲೀಂಧ್ರನಾಶಕ ಬೇಡ. ಗಿಡ ಹೇಗೂ ಹೊಸದಾಗಿ ಚಿಗುರುತ್ತದೆ.

ಕಟಾವು ಮತ್ತು ಕಾಪಿಡುವುದು

ನೆಟ್ಟು ಎರಡು–ಎರಡೂವರೆ ತಿಂಗಳಿಗೆ ಮೊದಲ ಕಟಾವು. ಅಕ್ಟೋಬರ್‌ನಲ್ಲಿ ಕಡ್ಡಿ ನೆಟ್ಟಿದ್ದರೆ ಸಂಕ್ರಾಂತಿ ಹೊತ್ತಿಗೆ ಸೊಪ್ಪು ಸಿದ್ಧ. ಇಬ್ಬನಿ ಆರಿದ ಮೇಲೆ, ಬಿಸಿಲೇರುವ ಮುನ್ನ ಕೊಯ್ಯಿರಿ. ಬುಡದಲ್ಲಿ ಕನಿಷ್ಠ ಮೂರು ಇಂಚು ಉಳಿಸಿ, ಪೊದೆಯ ಅರ್ಧಕ್ಕಿಂತ ಹೆಚ್ಚು ತೆಗೆಯದಿದ್ದರೆ ಐದಾರು ವಾರಕ್ಕೆ ಮತ್ತೆ ಕೊಯ್ಲಿಗೆ ಬರುತ್ತದೆ. ರಾಮನವಮಿಯ ಹೊತ್ತಿನದು ಹುಲುಸಾದ ಕೊನೆಯ ಕೊಯ್ಲು.

ಘಮಕ್ಕೆ ಮೂಲ ಸಿಟ್ರಾಲ್ ಮತ್ತು ಸಿಟ್ರೊನೆಲಾಲ್ ಎಂಬ ಹಾರಿಹೋಗುವ ತೈಲಾಂಶಗಳು. ಬಿಸಿಲಿಗೆ ಒಣಹಾಕಿದರೆ ಹುಲ್ಲಿನ ವಾಸನೆಯಷ್ಟೇ ಉಳಿಯುತ್ತದೆ. ನೆರಳಿನಲ್ಲಿ, ಗಾಳಿಯಾಡುವಲ್ಲಿ, ತೆಳುವಾಗಿ ಹರಡಿ ಒಣಗಿಸಿ ಗಾಜಿನ ಭರಣಿಯಲ್ಲಿ ಕತ್ತಲೆಗೆ ಇಡಿ. ಒಂದು ಕಿಲೋ ಹಸಿ ಸೊಪ್ಪಿಗೆ ಸುಮಾರು 200 ಗ್ರಾಂ ಒಣ ಸೊಪ್ಪು ಸಿಗುತ್ತದೆ. ಎಲೆ ಹೆಚ್ಚಿ ನೀರಿನೊಂದಿಗೆ ಐಸ್ ಟ್ರೇಯಲ್ಲಿ ಹೆಪ್ಪುಗಟ್ಟಿಸಿದರೆ ಘಮ ಇನ್ನೂ ಚೆನ್ನಾಗಿ ಉಳಿಯುತ್ತದೆ.

ಅಡುಗೆಮನೆಯಲ್ಲಿ

ಗವತಿ ಚಹಾದ ಹಾಗೆ ಇದನ್ನು ಕುದಿಸಬೇಡಿ. ಹುಲ್ಲಿನ ಗಟ್ಟಿ ಎಲೆ ಕುದಿತ ತಾಳುತ್ತದೆ. ಈ ಮೆದು ಎಲೆಯ ಘಮ ಆವಿಯೊಂದಿಗೆ ಹೋಗಿಬಿಡುತ್ತದೆ. ಕಪ್ಪಿಗೆ ಎಂಟು–ಹತ್ತು ಎಲೆ ಹರಿದು ಹಾಕಿ, ಒಲೆಯಿಂದ ಇಳಿಸಿದ ಬಿಸಿನೀರು ಸುರಿದು, ಐದಾರು ನಿಮಿಷ ಮುಚ್ಚಿಟ್ಟು ಸೋಸಿ. ಹಾಲಿನ ಚಹಾಕ್ಕಾದರೆ ಇಳಿಸಿದ ಮೇಲೆ ಹಾಕಿ ಮುಚ್ಚಿ.

ನಮ್ಮ ಅಡುಗೆಗೆ ಇದು ಸಲೀಸಾಗಿ ಹೊಂದುತ್ತದೆ. ಬೆಲ್ಲದ ಪಾನಕಕ್ಕೆ ನಾಲ್ಕು ಎಲೆ ಜಜ್ಜಿ ಹಾಕಿ. ನೀರುಮಜ್ಜಿಗೆಗೆ ಕೊತ್ತಂಬರಿಯ ಜೊತೆ ಹೆಚ್ಚಿ ಬೆರೆಸಿ. ಹೆಸರುಬೇಳೆ ಕೋಸಂಬರಿಯ ಮೇಲೆ ಎಳೆಯೆಲೆ ಉದುರಿಸಿ. ತಂಬುಳಿಗೆ ಒಂದು ಹಿಡಿ ಎಲೆ, ತೆಂಗಿನತುರಿ, ಹುರಿದ ಜೀರಿಗೆ, ಎರಡು ಕಾಳುಮೆಣಸು ಹಸಿಯಾಗಿಯೇ ರುಬ್ಬಿ ಮಜ್ಜಿಗೆ ಸೇರಿಸಿ. ನಿಂಬೆಯ ಘಮವಿದ್ದರೂ ಎಲೆಗೆ ಹುಳಿ ಇಲ್ಲ; ಹುಳಿಗೆ ನಿಂಬೆರಸವನ್ನೋ ಮಜ್ಜಿಗೆಯನ್ನೋ ಬೇರೆ ಹಾಕಲೇಬೇಕು.

ಔಷಧಿಯಾಗಿ ಎಷ್ಟು?

ಐರೋಪ್ಯ ಔಷಧ ಸಂಸ್ಥೆಯು ಲಘು ಮಾನಸಿಕ ಒತ್ತಡ, ನಿದ್ದೆಯ ತೊಂದರೆ, ಹೊಟ್ಟೆಯುಬ್ಬರದಂಥ ಲಘು ಅಜೀರ್ಣಗಳಿಗೆ ಇದರ ಎಲೆಯನ್ನು ಪರಂಪರಾಗತ ಬಳಕೆಯ ಆಧಾರದ ಮೇಲೆ ಒಪ್ಪಿದೆ. ದೊಡ್ಡವರಿಗೆ ಹೇಳಿದ ಪ್ರಮಾಣ 1.5ರಿಂದ 4.5 ಗ್ರಾಂ ಒಣ ಎಲೆ, 150 ಮಿ.ಲೀ. ಬಿಸಿನೀರಿನಲ್ಲಿ, ದಿನಕ್ಕೆ ಒಂದರಿಂದ ಮೂರು ಸಲ. 12 ವರ್ಷದೊಳಗಿನ ಮಕ್ಕಳಿಗೆ, ಬಸುರಿ–ಬಾಣಂತಿಯರಿಗೆ ಔಷಧಿಯಾಗಿ ಕೊಡಬಾರದು. ಥೈರಾಯಿಡ್ ಮಾತ್ರೆ ಅಥವಾ ನಿದ್ದೆಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಿಯೇ ಮುಂದುವರಿಯಿರಿ. ಇದನ್ನು ಕುಡಿದ ಮೇಲೆ ತೂಕಡಿಕೆ ಬರುವವರು ಗಾಡಿ ಓಡಿಸಬೇಡಿ.

ಎಕರೆಗಟ್ಟಲೆ ಬೆಳೆಯಬಹುದೇ?

ಗ್ಯಾಲರಿಯಲ್ಲಿ ಗಿಡ ಚೆನ್ನಾಗಿ ಬಂದುದನ್ನು ನೋಡಿ, ಊರಿನ ಹೊಲದಲ್ಲಿ ಹಾಕಿ ಎಣ್ಣೆ ತೆಗೆಸೋಣ ಎನ್ನುವವರಿದ್ದಾರೆ. ತಾಳಿ. ಒಂದು ಟನ್ ಹಸಿ ಲೆಮನ್ ಬಾಮ್‌ನಿಂದ ಒಂದು ಕಿಲೋ ಎಣ್ಣೆ ಸಿಗುವುದೂ ಕಷ್ಟ. ಅಷ್ಟೇ ನಿಂಬೆ ಹುಲ್ಲಿನಿಂದ ನಾಲ್ಕೈದು ಕಿಲೋ ಬರುತ್ತದೆ. ಅದಕ್ಕೇ ‘ಮೆಲಿಸ್ಸಾ ಎಣ್ಣೆ’ ಎಂದು ಅಗ್ಗಕ್ಕೆ ಸಿಗುವುದರಲ್ಲಿ ನಿಂಬೆ ಹುಲ್ಲು, ಸಿಟ್ರೊನೆಲ್ಲಾ ಎಣ್ಣೆಗಳ ಬೆರಕೆ ಸಾಮಾನ್ಯ. ಎಣ್ಣೆಗೆ ನಿಂಬೆ ಹುಲ್ಲೇ ಸರಿ. ಲೆಮನ್ ಬಾಮ್‌ನಿಂದ ದುಡ್ಡು ನೋಡಬೇಕೆಂದರೆ ಚಳಿಗಾಲದಲ್ಲಿ ಸಸಿ ಮಾಡಿ ಸಣ್ಣ ಚೀಲದಲ್ಲಿ ಮಾರುವುದು, ಹೋಟೆಲು–ಕೆಫೆಗಳಿಗೆ ಹಸಿ ಸೊಪ್ಪಿನ ಕಟ್ಟು ಕೊಡುವುದು, ಇವೆರಡೇ ದಾರಿ. ಎರಡಕ್ಕೂ ಕೊಳ್ಳುವವರನ್ನು ಮೊದಲು ಗೊತ್ತುಮಾಡಿಕೊಂಡು ಆಮೇಲೆ ಗಿಡ ಹಾಕಬೇಕು. ಗಿಡದ ಬೇಡಿಕೆ ಎಷ್ಟಿದೆಯೆಂದು ತಿಳಿಯಲು ಸೋಲಾಪುರ ರಸ್ತೆಯ ಸೋರ್ತಾಪವಾಡಿ, ಉರುಳಿ ಕಾಂಚನ್ ಕಡೆಯ ನರ್ಸರಿಗಳಲ್ಲಿ ವಿಚಾರಿಸಿ ನೋಡಿ.

ಜೇನು ಸಾಕುವವರಿಗೆ ಇದರಲ್ಲಿ ಇನ್ನೊಂದು ಉಪಯೋಗ. ಕೆಲಸಗಾರ ಜೇನುಹುಳುಗಳು ತಮ್ಮವರನ್ನು ಗೂಡಿಗೆ ಕರೆಯಲು ಬಿಡುವ ವಾಸನೆಯಲ್ಲೂ ಸಿಟ್ರಾಲ್ ಇದೆ. ಹೊಸ ಪೆಟ್ಟಿಗೆಯ ಒಳಮೈಗೆ ಈ ಎಲೆ ಉಜ್ಜಿ ಹಿಂಡನ್ನು ಸೆಳೆಯುವ ಯೂರೋಪಿನ ಹಳೆಯ ಪದ್ಧತಿಗೆ ಆಧಾರ ಇದೇ. 1962ರಲ್ಲಿ ಶುರುವಾದ ಕೇಂದ್ರೀಯ ಜೇನು ಸಂಶೋಧನೆ ಮತ್ತು ತರಬೇತಿ ಸಂಸ್ಥೆ ಪುಣೆಯಲ್ಲೇ ಇರುವುದರಿಂದ ಆಸಕ್ತರಿಗೆ ತರಬೇತಿಗೆ ದೂರ ಹೋಗಬೇಕಿಲ್ಲ.

ಮೊದಲ ವರ್ಷದ ಕೆಲಸದ ಪಟ್ಟಿ

ಅಕ್ಟೋಬರ್: ಒಂದೇ ಗಿಡ ತಂದು 10 ಇಂಚಿನ ಕುಂಡಕ್ಕೆ ಹಾಕಿ.
ಡಿಸೆಂಬರ್: ತುದಿ ಚಿವುಟಿ, ಪೊದೆಯಾಗಲು ಬಿಡಿ.
ಜನವರಿ: ಮೊದಲ ಕಟಾವು; ಕತ್ತರಿಸಿದ ಕಡ್ಡಿಗಳಲ್ಲಿ ಐದಾರನ್ನು ಬೇರಿಗೆ ಇಡಿ.
ಮಾರ್ಚ್: ನೆರಳು ಬಲೆ ಕಟ್ಟಿ, ಎಲೆಯ ಅಡಿ ನುಸಿ ಇದೆಯೇ ನೋಡಿ.
ಏಪ್ರಿಲ್–ಮೇ: ದಿನಾ ಬೆಳಿಗ್ಗೆ ನೀರು, ಮಣ್ಣಿನ ಮೇಲೆ ಒಣ ಎಲೆಯ ಹೊದಿಕೆ, ಭಾರಿ ಕಟಾವು ಬೇಡ.
ಜೂನ್: ಪೊದೆ ಸವರಿ, ಸೂರಿನಡಿ ಸರಿಸಿ, ತಟ್ಟೆ ಎತ್ತಿಡಿ.
ಸೆಪ್ಟೆಂಬರ್ ಕೊನೆ: ಹಳೆಯ ಮಣ್ಣು ಅರ್ಧ ತೆಗೆದು ಹೊಸ ಮಿಶ್ರಣ ತುಂಬಿ.

ಈ ಒಂದು ಸುತ್ತು ಗಿಡ ದಾಟಿತೆಂದರೆ ಎರಡನೆಯ ಅಕ್ಟೋಬರ್‌ನಲ್ಲಿ ನರ್ಸರಿಗೆ ಹೋಗುವ ಕೆಲಸವಿಲ್ಲ. ನಿಮ್ಮ ಕುಂಡದ ಕಡ್ಡಿಯೇ ಅಕ್ಕಪಕ್ಕದ ಮನೆಗಳಿಗೂ ಸಾಲುತ್ತದೆ.