ಡಾರ್ವಿನ್ನನ ಬಿಡುವು

ಸೋಮಾರಿಗೆ ಬುದ್ಧಿ ಹೇಳುವವರು ಊರಿಗೆ ನೂರು ಮಂದಿ. ಹೊತ್ತುಗೊತ್ತಿಲ್ಲದೆ ದುಡಿಯುವವನನ್ನು ತಡೆದು, 'ಇಂದಿಗೆ ಇಷ್ಟು ಸಾಕು' ಎನ್ನುವವರು ಸಿಗುವುದು ಅಪರೂಪ. ಅಂಥವನನ್ನು ಲೋಕವು ಹೊಗಳುತ್ತದೆ. ಆತನ ಮನೆಯವರು ಮಾತ್ರ ಒಳಗೊಳಗೇ ಕಳವಳಪಡುತ್ತಾರೆ. ಜೀವವಿಕಾಸದ ತತ್ತ್ವವನ್ನು ಪ್ರತಿಪಾದಿಸಿ ಲೋಕಪ್ರಸಿದ್ಧನಾದ ಚಾರ್ಲ್ಸ್ ಡಾರ್ವಿನ್ನನು ಇಂಥ ದುಡಿಮೆಗಾರರಲ್ಲಿ ಒಬ್ಬ. ಕೆಲಸವೆಂಬುದು ಆತನಿಗೆ ಉಸಿರಾಟದಷ್ಟು ಸಹಜವಾಗಿತ್ತು. ಅದನ್ನು ನಿಲ್ಲಿಸುವ ವಿದ್ಯೆಯನ್ನು ಮಾತ್ರ ಆತನು ಜೀವಮಾನವೆಲ್ಲ ಕಲಿಯಬೇಕಾಯಿತು.

ಡಾರ್ವಿನ್ನನು 1809ರಲ್ಲಿ ಇಂಗ್ಲೆಂಡಿನ ಶ್ರೂಸ್‌ಬರಿ ಎಂಬ ಊರಿನಲ್ಲಿ ಜನಿಸಿದನು. ತಂದೆ ಹೆಸರಾಂತ ವೈದ್ಯ. ಬಾಲಕನಿಗೆ ಓದಿಗಿಂತ ಹಕ್ಕಿಗಳ ಬೇಟೆಯಲ್ಲಿ, ನಾಯಿಗಳ ಒಡನಾಟದಲ್ಲಿ, ಇಲಿ ಹಿಡಿಯುವುದರಲ್ಲಿ ಹೆಚ್ಚು ಆಸಕ್ತಿ. ಈ ಹುಡುಗನು ಮನೆತನಕ್ಕೆ ಕೆಟ್ಟ ಹೆಸರು ತರುವನೆಂದು ತಂದೆ ಒಮ್ಮೆ ಕಟುವಾಗಿ ಗದರಿದ್ದುಂಟು. ಆದರೆ 1831ರ ಡಿಸೆಂಬರಿನಲ್ಲಿ 'ಬೀಗಲ್' ಎಂಬ ಹಡಗನ್ನೇರಿ ಹೊರಟು, ಸುಮಾರು ಐದು ವರ್ಷಗಳ ಕಾಲ ಭೂಮಂಡಲವನ್ನು ಸುತ್ತಿ ಬಂದವನು ಬೇರೆಯೇ ಮನುಷ್ಯನಾಗಿದ್ದನು. ಒಂದು ಗಂಟೆಯನ್ನು ವ್ಯರ್ಥಗೊಳಿಸಬಲ್ಲವನು ಜೀವನದ ಬೆಲೆಯನ್ನೇ ಅರಿಯದವನೆಂದು ಆತನು ಆ ಪ್ರವಾಸದ ಕಡೆಯಲ್ಲಿ ತನ್ನ ಸೋದರಿಗೆ ಬರೆದನು.

ಲಂಡನ್ನಿನಲ್ಲಿ ನೆಲಸಿದ ಮೇಲೆ ಆತನು ದುಡಿದ ರೀತಿಯು ಈ ಮಾತಿಗೆ ತಕ್ಕಂತೆಯೇ ಇತ್ತು. ಪ್ರವಾಸದಲ್ಲಿ ಕೂಡಿಹಾಕಿದ ಶಿಲೆ, ಸಸ್ಯ, ಪ್ರಾಣಿಗಳ ಮಾದರಿಗಳನ್ನು ವಿಂಗಡಿಸಬೇಕು. ಪ್ರವಾಸಗ್ರಂಥವನ್ನು ಬರೆದು ಮುಗಿಸಬೇಕು. ಇವುಗಳ ನಡುವೆ ಜೀವಜಾತಿಗಳ ಹುಟ್ಟಿನ ವಿಚಾರವಾಗಿ ಗುಟ್ಟಾಗಿ ಟಿಪ್ಪಣಿ ಮಾಡಿಕೊಳ್ಳಬೇಕು. ವರ್ಷವೊಂದು ಕಳೆಯುವುದರೊಳಗೆ, 1837ರ ಸೆಪ್ಟೆಂಬರಿನಲ್ಲಿ, ಎದೆಬಡಿತವು ಏರುಪೇರಾಗತೊಡಗಿತು. ಎಲ್ಲ ಕೆಲಸವನ್ನೂ ಬದಿಗಿಟ್ಟು ಕೆಲವು ವಾರ ಹಳ್ಳಿಗಾಡಿನಲ್ಲಿರಬೇಕೆಂದು ವೈದ್ಯರು ಒತ್ತಾಯಪಡಿಸಿದರು. ಒಲ್ಲದ ಮನಸ್ಸಿನಿಂದಲೇ ಆತನು ಲಂಡನ್ನನ್ನು ಬಿಟ್ಟನು.

ಆ ವಿರಾಮದ ದಿನಗಳಲ್ಲಿ ಆತನು ತನ್ನ ಸೋದರಮಾವನ ಊರಾದ ಮೇಯರ್‌ಗೆ ಹೋದನು. ಕೆಲವು ವರ್ಷಗಳ ಹಿಂದೆ ಹೊಲದ ಮೇಲೆ ಹರಡಿದ್ದ ಸುಣ್ಣವೂ ಕಿಟ್ಟವೂ ಈಗ ಮೇಲೆ ಕಾಣದೆ, ನೆಲದೊಳಗೆ ಕೆಲವು ಅಂಗುಲ ಕೆಳಗೆ ಹುದುಗಿರುವುದನ್ನು ಮಾವನು ತೋರಿಸಿ, ಇದು ಎರೆಹುಳುಗಳ ಕೆಲಸವಿರಬಹುದೆಂದನು. ಎರೆಹುಳುಗಳು ಕೆಳಗಿನ ಮಣ್ಣನ್ನು ನುಂಗಿ ಮೇಲಕ್ಕೆ ತಂದು ಹಾಕುವುದರಿಂದ ಮೇಲಿದ್ದ ವಸ್ತುಗಳು ಮೆಲ್ಲಮೆಲ್ಲನೆ ಹೂತುಹೋಗುತ್ತವೆ. ಡಾರ್ವಿನ್ನನು ಆ ವರ್ಷದ ನವೆಂಬರ್ 1ರಂದೇ ಈ ವಿಷಯದ ಮೇಲೆ ಭೂವಿಜ್ಞಾನ ಸಂಘದಲ್ಲಿ ಪ್ರಬಂಧವನ್ನು ಓದಿದನು. ಲಂಡನ್ನಿನ ಕೋಣೆಯಲ್ಲಿಯೇ ಕುಳಿತಿದ್ದರೆ ಈ ಎರೆಹುಳು ಆತನ ಕಣ್ಣಿಗೆ ಬೀಳುತ್ತಿರಲಿಲ್ಲ.

1839ರಲ್ಲಿ ಡಾರ್ವಿನ್ನನು ಆ ಸೋದರಮಾವನ ಮಗಳಾದ ಎಮ್ಮಾಳನ್ನು ಮದುವೆಯಾದನು. 1842ರಲ್ಲಿ ದಂಪತಿಗಳು ಲಂಡನ್ನಿಗೆ ಸುಮಾರು 16 ಮೈಲಿ ದೂರದ ಡೌನ್ ಎಂಬ ಹಳ್ಳಿಗೆ ಬಂದು ನೆಲಸಿದರು. ಅಷ್ಟು ಹೊತ್ತಿಗೆ ಡಾರ್ವಿನ್ನನ ಆರೋಗ್ಯವು ಕೆಟ್ಟಿತ್ತು. ವಾಂತಿ, ತಲೆಸುತ್ತು, ನಿಶ್ಶಕ್ತಿಗಳು ಆತನನ್ನು ಜೀವನದುದ್ದಕ್ಕೂ ಕಾಡಿದವು. ಈ ಕಾಯಿಲೆ ಯಾವುದೆಂಬುದರಲ್ಲಿ ತಜ್ಞರಿಗೆ ಇಂದಿಗೂ ಒಮ್ಮತವಿಲ್ಲವಾದ್ದರಿಂದ, ಅತಿಯಾದ ದುಡಿಮೆಯೊಂದೇ ಅದಕ್ಕೆ ಕಾರಣವೆನ್ನುವುದು ಸರಿಯಾಗದು. ಆದರೆ ಒಂದು ಮಾತು ನಿಜ. ದಿನನಿತ್ಯದ ನೋವನ್ನು ಮರೆಸುತ್ತಿದ್ದುದು ಕೆಲಸವೊಂದೇ ಎಂದು ಆತನೇ ಹೇಳಿಕೊಂಡಿದ್ದಾನೆ. ನೋವನ್ನು ಮರೆಯಲು ದುಡಿಯುವುದು, ದುಡಿದು ದಣಿದಾಗ ನೋವು ಹೆಚ್ಚುವುದು, ಅದನ್ನು ಮರೆಯಲು ಮತ್ತೆ ದುಡಿಯುವುದು, ಹೀಗೆ ಗಾಣದ ಎತ್ತಿನಂತೆ ಸುತ್ತುವವನಿಗೆ 'ಸುಮ್ಮನಿರು' ಎಂಬ ಹಿತವಚನ ಎಷ್ಟರಮಟ್ಟಿಗೆ ರುಚಿಸೀತು?

1849ರಲ್ಲಿ ಆತನು ಸಂಸಾರಸಮೇತನಾಗಿ ಮಾಲ್ವರ್ನ್ ಎಂಬ ಊರಿಗೆ ಹೋಗಿ, ಜೇಮ್ಸ್ ಗಲಿ ಎಂಬ ವೈದ್ಯನಲ್ಲಿ ಕೆಲವು ತಿಂಗಳು ಜಲಚಿಕಿತ್ಸೆಯನ್ನು ಪಡೆದನು. ತಣ್ಣೀರಿನ ಸ್ನಾನ, ಒದ್ದೆಬಟ್ಟೆಯ ಉಜ್ಜುವಿಕೆ, ನಡಿಗೆ, ಮಿತವಾದ ಆಹಾರ, ಇವಿಷ್ಟೇ ಔಷಧ. ಮನೆಗೆ ಹಿಂದಿರುಗಿದ ಮೇಲೂ ಆತನಿಗೆ ದಿನಕ್ಕೆ ಎರಡೂವರೆ ಗಂಟೆ ಮಾತ್ರ ಕೆಲಸಮಾಡಲು ಅನುಮತಿಯಿತ್ತು. ಆಗ ಆತನು ಹಡಗಿನ ತಳಕ್ಕೂ ಕಡಲ ಬಂಡೆಗೂ ಅಂಟಿಕೊಂಡು ಬಾಳುವ ಬಾರ್ನಕಲ್ ಎಂಬ ಸಣ್ಣ ಜೀವಿಗಳ ಅಧ್ಯಯನದಲ್ಲಿ ಮುಳುಗಿದ್ದನು. ಎಂಟು ವರ್ಷ ಹಿಡಿದ ಕೆಲಸವದು! ತಣ್ಣೀರಿಗೆ ಯಾವ ಗುಣವಿತ್ತೋ ಬಲ್ಲವರು ಹೇಳಬೇಕು; ಕೆಲಸಕ್ಕೆ ಹೊರಗಿನಿಂದ ಒಂದು ಮಿತಿ ಬಿದ್ದುದೇ ದೊಡ್ಡ ಚಿಕಿತ್ಸೆಯಾಗಿದ್ದೀತು.

ಕ್ರಮೇಣ ಆ ಮಿತಿಯನ್ನು ಆತನೇ ಗಡಿಯಾರದ ಸಹಾಯದಿಂದ ಹಾಕಿಕೊಂಡನು. ಆತನ ದಿನಚರಿಯನ್ನು ಮಗನಾದ ಫ್ರಾನ್ಸಿಸ್ ವಿವರವಾಗಿ ಬರೆದಿಟ್ಟಿದ್ದಾನೆ. ಬೆಳಗಿನ 8 ಗಂಟೆಯಿಂದ 9-30ರವರೆಗೆ ಕೆಲಸ. ಅನಂತರ ಬಂದ ಪತ್ರಗಳ ವಾಚನ. ಸೋಫಾದ ಮೇಲೆ ಒರಗಿ ಮನೆಯವರು ಓದುವ ಕಾದಂಬರಿಯ ಶ್ರವಣ. ಮತ್ತೆ 10-30ರಿಂದ ಮಧ್ಯಾಹ್ನ 12ರವರೆಗೆ ಕೆಲಸ. ಅಲ್ಲಿಗೆ ದಿನದ ಮುಖ್ಯ ದುಡಿಮೆ ಮುಗಿದಂತೆಯೇ. ಮಳೆಯಿರಲಿ ಬಿಸಿಲಿರಲಿ, ಆತನು ತೋಟದ ಆಚೆಗಿನ ಮರಳುಹಾದಿಗೆ ಹೊರಡುತ್ತಿದ್ದನು. ಮರಗಳ ನೆರಳಿನ ಆ ಹಾದಿಯಲ್ಲಿ ಇಷ್ಟು ಸುತ್ತು ಬರಬೇಕೆಂದು ಲೆಕ್ಕವಿತ್ತು. ಎಣಿಕೆ ತಪ್ಪದಂತೆ ಕಲ್ಲುಗಳನ್ನು ಗುಡ್ಡೆಯಿಟ್ಟು, ಸುತ್ತಿಗೊಂದರಂತೆ ಕಾಲಿನಿಂದ ಬದಿಗೆ ತಳ್ಳುತ್ತಿದ್ದನು. ಸಂಜೆ 4-30ರಿಂದ ಮತ್ತೊಂದು ಗಂಟೆ ಕೆಲಸ. ಪತ್ರವ್ಯವಹಾರವನ್ನು ಬಿಟ್ಟರೆ ದಿನಕ್ಕೆ ಒಟ್ಟು ನಾಲ್ಕು ಗಂಟೆ! ರಾತ್ರಿ ಎಮ್ಮಾಳೊಡನೆ ಎರಡು ಆಟ ಬ್ಯಾಕ್‌ಗ್ಯಾಮನ್. ಇದು ನಮ್ಮ ಪಗಡೆಯಂತೆ ದಾಳ ಹಾಕಿ ಕಾಯಿ ನಡೆಸುವ ಆಟ. ವಿಶ್ರಾಂತಿಗೆಂದು ಆಡುವ ಆಟದಲ್ಲಿಯೂ ವಿಜ್ಞಾನಿಯ ಬುದ್ಧಿ ಸುಮ್ಮನಿರಲಿಲ್ಲ, ಸೋಲುಗೆಲವುಗಳನ್ನು ಬರೆದಿಡುತ್ತಿದ್ದನು. ಎಮ್ಮಾ ಗೆದ್ದುದು 2490 ಆಟಗಳು, ತಾನು ಗೆದ್ದುದು 2795 ಎಂದು 1876ರಲ್ಲಿ ಗೆಳೆಯನೊಬ್ಬನಿಗೆ ಹಿಗ್ಗಿನಿಂದ ಬರೆದನು. ಕಾದಂಬರಿಗಳು ಸುಖಾಂತವಾಗಿರಲೇಬೇಕು, ದುಃಖಾಂತ್ಯವನ್ನು ನಿಷೇಧಿಸುವ ಕಾನೂನು ಬರಬೇಕು ಎಂಬುದು ಆತನ ವಿನೋದ.

ದಿನದೊಳಗಿನ ಬಿಡುವನ್ನು ಹೀಗೆ ರೂಢಿಸಿಕೊಂಡರೂ, ದಿನಗಟ್ಟಲೆಯ ರಜೆಯನ್ನು ಆತನು ಒಪ್ಪುತ್ತಿರಲಿಲ್ಲ. ಭಾನುವಾರವೂ ಸೋಮವಾರವೂ ಒಂದೇ ಸಮ. ಬರೆಯಿಸುತ್ತಿರುವಾಗ ಶಕ್ತಿಯ ಕೊನೆಯ ಅಂಚಿನವರೆಗೆ ಹೋಗಿ, ಇನ್ನು ಮುಂದುವರಿಯಬಾರದೆಂದು ಥಟ್ಟನೆ ನಿಲ್ಲಿಸುವುದಿತ್ತು. ಪತಿಯ ದಣಿವು ಮಿತಿಮೀರಿದುದನ್ನು ಎಮ್ಮಾ ಆತನಿಗಿಂತ ಮೊದಲೇ ಗುರುತಿಸುತ್ತಿದ್ದಳು. ಬಂಧುಗಳ ಮನೆಗೋ ಲಂಡನ್ನಿಗೋ ಹೋಗಿಬರೋಣವೆಂದು ಆಕೆ ಹೊರಡಿಸುವಾಗ ಗಂಡಹೆಂಡಿರ ನಡುವೆ ಸಂತೆಯ ಚೌಕಾಶಿಯೇ ನಡೆಯುತ್ತಿತ್ತು. ಆರು ದಿನವೆಂದು ಆಕೆ. ಐದೇ ದಿನವೆಂದು ಈತ! ಹೊರಟ ಮೇಲೆ ಪ್ರಯಾಣವನ್ನು ಆತನು ಮಗುವಿನಂತೆ ಸವಿಯುತ್ತಿದ್ದನೆಂಬುದು ಬೇರೆ ಮಾತು.

1858ರ ಏಪ್ರಿಲಿನಲ್ಲಿ, ಜೀವಜಾತಿಗಳ ಬಗೆಗಿನ ಬೃಹದ್ಗ್ರಂಥದ ಭಾರದಿಂದ ಬಳಲಿ, ಆತನು ಮೂರ್ ಪಾರ್ಕ್ ಎಂಬ ಆರೋಗ್ಯಧಾಮಕ್ಕೆ ಹೋದನು. ಒಂದು ದಿನ ಅಲ್ಲಿಯ ಹುಲ್ಲಿನ ಮೇಲೆ ನಿದ್ದೆಹೋಗಿ ಎಚ್ಚೆತ್ತಾಗ ಸುತ್ತಲೂ ಹಕ್ಕಿಗಳ ಗಾನ. ಮರದ ಮೇಲೆ ಅಳಿಲುಗಳ ಓಟ. ಆ ಪ್ರಾಣಿಪಕ್ಷಿಗಳು ಹೇಗೆ ರೂಪುಗೊಂಡವೆಂಬ ಚಿಂತೆ ತನಗೆ ಆ ಗಳಿಗೆಯಲ್ಲಿ ಎಳ್ಳಷ್ಟೂ ಇರಲಿಲ್ಲವೆಂದು ಆತನು ಎಮ್ಮಾಳಿಗೆ ಬರೆದನು. ಇಪ್ಪತ್ತು ವರ್ಷಗಳಿಂದ ಹಗಲಿರುಳು ಅದೇ ಪ್ರಶ್ನೆಯನ್ನು ಹೊತ್ತು ತಿರುಗಿದವನ ಮಾತಿದು.

ಮುಂದಿನ ವರ್ಷ ಪ್ರಸಿದ್ಧವಾದ ಗ್ರಂಥವು ಹೊರಬಂದಿತು. 1860ರ ಬೇಸಗೆಯಲ್ಲಿ ಹಾರ್ಟ್‌ಫೀಲ್ಡಿನಲ್ಲಿ ವಿಶ್ರಮಿಸುತ್ತಿದ್ದಾಗ, ಡ್ರೋಸೆರಾ ಎಂಬ ಪುಟ್ಟ ಗಿಡದ ಅಂಟೆಲೆಗಳಲ್ಲಿ ಹಲವಾರು ಕೀಟಗಳು ಸಿಕ್ಕಿಬಿದ್ದಿರುವುದು ಆತನ ಕಣ್ಣಿಗೆ ಬಿತ್ತು. ಅಲ್ಲಿಗೆ ವಿಶ್ರಾಂತಿ ಮುಗಿಯಿತು! ಗಿಡಗಳನ್ನು ಮನೆಗೆ ಒಯ್ದು ಅವಕ್ಕೆ ಮಾಂಸದ ಚೂರುಗಳನ್ನು ಉಣಿಸತೊಡಗಿದನು. ಇವರು ಆ ಗಿಡವನ್ನು ಪ್ರಾಣಿಯೆಂದೇ ಸಿದ್ಧಪಡಿಸುವಂತಿದೆಯೆಂದು ಎಮ್ಮಾ ನಕ್ಕಳು. 'ಕೀಟಾಹಾರಿ ಸಸ್ಯಗಳು' ಎಂಬ ಗ್ರಂಥವು 1875ರಲ್ಲಿ ಪ್ರಕಟವಾಯಿತು.

ಆದರೆ ಈ ದುಡಿಮೆಗೆ ಆತನು ತೆತ್ತ ಬೆಲೆಯೂ ಇದೆ. ಯೌವನದಲ್ಲಿ ಕಾವ್ಯವೂ ಸಂಗೀತವೂ ಆತನಿಗೆ ಪ್ರಿಯವಾಗಿದ್ದವು. 1876ರಲ್ಲಿ ಆತ್ಮಕಥೆಯನ್ನು ಬರೆಯುವಾಗ ಆ ರುಚಿ ಅಳಿದುಹೋಗಿತ್ತು. ಷೇಕ್ಸ್‌ಪಿಯರನ ನಾಟಕಗಳೂ ಸಹಿಸಲಾರದಷ್ಟು ನೀರಸವೆನಿಸಿದವು. ಸಂಗತಿಗಳನ್ನು ಅರೆದು ನಿಯಮಗಳನ್ನು ತೆಗೆಯುವ ಯಂತ್ರದಂತೆ ಮನಸ್ಸು ಆಗಿಬಿಟ್ಟಿದೆಯೆಂದು ಆತನು ವ್ಯಥೆಪಟ್ಟನು. ಇನ್ನೊಮ್ಮೆ ಬಾಳುವಂತಿದ್ದರೆ ವಾರಕ್ಕೊಮ್ಮೆಯಾದರೂ ಕಾವ್ಯವನ್ನು ಓದಿ ಸಂಗೀತವನ್ನು ಕೇಳುವ ನಿಯಮವನ್ನು ಇಟ್ಟುಕೊಳ್ಳುವೆನೆಂದೂ ಬರೆದನು. ಗಡಿಯಾರವು ದೇಹಕ್ಕೆ ವಿರಾಮವನ್ನು ಕೊಟ್ಟಿತ್ತು. ಮನಸ್ಸಿನ ಈ ಭಾಗವನ್ನು ಕಾಯುವವರು ಯಾರೂ ಇರಲಿಲ್ಲ.

1881ರ ಜೂನಿನಲ್ಲಿ ಮನೆಯವರು ಆತನನ್ನು ಅಲ್ಸ್‌ವಾಟರ್ ಸರೋವರದ ತೀರಕ್ಕೆ ಕರೆದೊಯ್ದರು. ಸುತ್ತಲಿನ ಬೆಟ್ಟಗಳು ರಮಣೀಯವಾಗಿದ್ದರೂ, ಕೆಲಸವಿಲ್ಲದಿರುವುದೇ ತನಗೆ ದುಃಖವೆಂದು ಆತನು ಅಲ್ಲಿಂದ ಮಿತ್ರನಾದ ಹೂಕರನಿಗೆ ಬರೆದನು. ಆ ಅಕ್ಟೋಬರಿನಲ್ಲಿ ಆತನ ಕೊನೆಯ ಗ್ರಂಥವು ಪ್ರಕಟವಾಯಿತು. ಅದರ ವಿಷಯ ಎರೆಹುಳು. ನಲವತ್ತನಾಲ್ಕು ವರ್ಷಗಳ ಹಿಂದೆ ವೈದ್ಯರು ಬಲವಂತವಾಗಿ ಕಳುಹಿಸಿದ ರಜೆಯಲ್ಲಿ ಕಂಡದ್ದು. 1882ರ ಏಪ್ರಿಲ್ 17ರಂದು ಫ್ರಾನ್ಸಿಸ್ ಊರಿನಲ್ಲಿರಲಿಲ್ಲ. ಆತನು ನಡೆಸುತ್ತಿದ್ದ ಒಂದು ಪ್ರಯೋಗದ ವಿವರಗಳನ್ನು ತಂದೆಯೇ ಗಮನಿಸಿ ಬರೆದಿಟ್ಟನು. ಎರಡು ದಿನಗಳ ಅನಂತರ ಡಾರ್ವಿನ್ನನು ಡೌನ್ ಹಳ್ಳಿಯ ತನ್ನ ಮನೆಯಲ್ಲಿಯೇ ಕಣ್ಮುಚ್ಚಿದನು.