ಮಾತ್ರೆ ನುಂಗುವುದಕ್ಕೂ ಒಂದು ಹೊತ್ತಿದೆ

ನಮ್ಮ ಗೌಡಗೆರೆ ಸೀಮೆಯ ಹೆಣ್ಣುಮಕ್ಕಳೇ, ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣದ ನೀಲಿ ಮಾತ್ರೆಯನ್ನು ದವಡೆಯಲ್ಲಿ ಒತ್ತಿಟ್ಟುಕೊಂಡು ಆಮೇಲೆ ಕಾಂಪೌಂಡಿನಾಚೆ ಉಗಿಯುವವರು ನಿಮ್ಮಲ್ಲಿ ಇದ್ದೀರಿ. ಹೊಟ್ಟೆ ತೊಳಸುತ್ತೆ, ಮಲ ಕಪ್ಪಗಾಗುತ್ತೆ ಅನ್ನುವುದು ನಿಮ್ಮ ದೂರು. ಎರಡೂ ನಿಜವೇ. ಹಾಗಂತ ಉಗಿಯಬೇಡಿ, ಸ್ವಲ್ಪ ಕೇಳಿ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ. ಶಿರಾ, ಪಾವಗಡದ ಹೊಲಗಳಲ್ಲಿ ಕಡಲೆಕಾಯಿ ಕೀಳುವಾಗ ಕಣ್ಣು ಕತ್ತಲೆ ಬಂದರೆ ಬಿಸಿಲಿನ ಮೇಲೆ ಹಾಕಿ ಸುಮ್ಮನಾಗುತ್ತೇವೆ. ಮುದ್ದೆ ಉಣ್ಣುವವರಿಗೆ ರಕ್ತ ಕಡಿಮೆಯಾಗಲ್ಲ ಅನ್ನುವ ಮಾತೂ ಇದೆ. ರಾಗಿಯಲ್ಲಿ ಕಬ್ಬಿಣ ಇದೆ, ಆದರೆ ಅದರಲ್ಲೇ ಇರುವ ಫೈಟೇಟ್ ಮತ್ತು ಒಗರು ಅದನ್ನು ಹಿಡಿದಿಟ್ಟುಕೊಳ್ಳುತ್ತವೆ, ಮೈಗೆ ಹತ್ತುವುದು ಕೊಂಚ. ಮೊಳಕೆ ಕಟ್ಟಿದ ರಾಗಿ, ಹುರುಳಿ ವಾಸಿ. ಆದರೂ ರಕ್ತ ಇಳಿದ ಮೇಲೆ ಊಟವೊಂದರಿಂದಲೇ ಮೇಲೆತ್ತುವುದು ಕಷ್ಟ, ಮಾತ್ರೆ ಬೇಕು.

ನೀಲಿ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, ಜೊತೆಗೆ ಫೋಲಿಕ್ ಆಮ್ಲ. ಗರ್ಭಿಣಿಯರ ಕೆಂಪು ಮಾತ್ರೆಯಲ್ಲೂ ಅಷ್ಟೇ. ನಾಲ್ಕನೇ ತಿಂಗಳಿಂದ ದಿನಕ್ಕೊಂದರಂತೆ 180 ದಿನ, ಹೆರಿಗೆಯಾದ ಮೇಲೆ ಮತ್ತೆ 180 ದಿನ. ಮಾತ್ರೆ ನುಂಗಿದರೆ ಮಗು ಕಪ್ಪಗೆ ಹುಟ್ಟುತ್ತೆ ಅಂತ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ, ಅದರಲ್ಲಿ ಎಳ್ಳಷ್ಟೂ ಹುರುಳಿಲ್ಲ.

ನನ್ನನ್ನು ಹೆಚ್ಚು ಕಾಡುವುದು ಮಾತ್ರೆಯ ಹೊತ್ತು. ನುಂಗಿದ ಬೆನ್ನಿಗೇ ಟೀ ಕುಡಿದರೆ ಅದರ ಒಗರು ಕಬ್ಬಿಣವನ್ನು ಮೈಗೆ ಸೇರಲು ಬಿಡಲ್ಲ. ಕಾಫಿಯೂ ಹಾಗೇ, ಹಾಲೂ ಅಡ್ಡ ಬರುತ್ತೆ. ಶಾಲೆಯಲ್ಲಿ ಕ್ಷೀರಭಾಗ್ಯದ ಹಾಲು ಬೆಳಿಗ್ಗೆ ಕುಡಿಯುತ್ತೀರಿ, ಮಾತ್ರೆಯನ್ನು ಮಧ್ಯಾಹ್ನದ ಬಿಸಿಯೂಟ ಆದ ಮೇಲೆ ತಗೊಳ್ಳಿ. ಬಸುರಿಯರೇ, ಅಂಗನವಾಡಿಯ ಮಾತೃಪೂರ್ಣ ಊಟದ ಜೊತೆ ಹಾಲು ಕುಡಿದಿದ್ದರೆ ಕೆಂಪು ಮಾತ್ರೆಯನ್ನು ರಾತ್ರಿ ಮಲಗುವ ಹೊತ್ತಿಗೆ ಇಟ್ಟುಕೊಳ್ಳಿ. ಕ್ಯಾಲ್ಸಿಯಂ ಮಾತ್ರೆಗೂ ಇದಕ್ಕೂ ಎರಡು ಗಂಟೆಯಾದರೂ ಅಂತರ ಇರಲಿ, ಥೈರಾಯ್ಡ್ ಮಾತ್ರೆಗೆ ನಾಲ್ಕು ಗಂಟೆ. ಒಂದು ಲೋಟ ನೀರಿಗೆ ಅರ್ಧ ನಿಂಬೆಹಣ್ಣು ಹಿಂಡಿ ಅದರಲ್ಲೇ ನುಂಗಿ, ಹುಳಿ ಕಬ್ಬಿಣವನ್ನು ಮೈಗೆ ಹತ್ತಿಸುತ್ತೆ. ಬರಿ ಹೊಟ್ಟೆಯಲ್ಲಿ ಚೆನ್ನಾಗಿ ಹತ್ತುತ್ತೆ ಅನ್ನುವುದು ಸರಿ, ಆದರೆ ವಾಕರಿಕೆ ಬರುವವರು ಊಟವಾದ ಮೇಲೇ ತಗೊಳ್ಳಿ. ಬಿಟ್ಟುಬಿಡುವುದಕ್ಕಿಂತ ಅದು ಮೇಲು.

ಮಲ ಕಪ್ಪಗಾಗುವುದು ಮೈಗೆ ಸೇರದೆ ಉಳಿದ ಕಬ್ಬಿಣದಿಂದ, ಹೆದರಬೇಡಿ. ಟಾರಿನ ಹಾಗೆ ಅಂಟಂಟಾಗಿದ್ದರೆ, ಇಲ್ಲವೇ ಹೊಟ್ಟೆನೋವು ಬಂದರೆ ಡಾಕ್ಟರಿಗೆ ತೋರಿಸಿ. ಮಲಬದ್ಧತೆಗೆ ನೀರು, ಸೊಪ್ಪು ಹೆಚ್ಚಿಸಿ.

ರಕ್ತ ಪರೀಕ್ಷೆ ಮಾಡಿಸದೆ ಅಂಗಡಿಯಲ್ಲಿ ಕಬ್ಬಿಣದ ಮಾತ್ರೆ ಕೊಂಡು ತಿಂಗಳುಗಟ್ಟಲೆ ನುಂಗುವುದು ತಪ್ಪು. ಥಲಸ್ಸೀಮಿಯಾ ಅನ್ನುವ ರಕ್ತದ ಕಾಯಿಲೆ ಇರುವವರ ಮೈಯಲ್ಲಿ ಕಬ್ಬಿಣ ಸೇರುತ್ತಾ ಹೋಗಿ ಅಪಾಯವಾಗುತ್ತೆ. ರಕ್ತಹೀನತೆಗೆ ಬಿ12 ಕೊರತೆಯೂ ಕಾರಣವಾಗಬಹುದು. ರಕ್ತ ಕಡಿಮೆ ಅಂತ ಡಾಕ್ಟರು ದಿನವೂ ಮಾತ್ರೆ ಬರೆದುಕೊಟ್ಟಿದ್ದರೆ ತಿಂಗಳಲ್ಲಿ ಹಿಮೋಗ್ಲೋಬಿನ್ ಸುಮಾರು 1 ಗ್ರಾಂ ಏರಬೇಕು. ಏರದಿದ್ದರೆ ಮಾತ್ರೆಯನ್ನು ಬೈಯದೆ ಮತ್ತೆ ಆಸ್ಪತ್ರೆಗೆ ಹೋಗಿ. ಏರಿತು ಅಂತ ಅರ್ಧಕ್ಕೆ ನಿಲ್ಲಿಸಲೂ ಬೇಡಿ, ಮೈಯೊಳಗಿನ ದಾಸ್ತಾನು ತುಂಬಲು ಇನ್ನೆರಡು ಮೂರು ತಿಂಗಳು ಬೇಕು. ರಕ್ತ ಇಳಿಯಲು ಹುಳುವೂ ಕಾರಣ: ಬರಿಗಾಲಲ್ಲಿ ಹೊಲಕ್ಕೆ ಹೋದರೆ ಕೊಕ್ಕೆಹುಳು ಅಂಗಾಲಿನಿಂದಲೇ ಒಳಸೇರಿ ಕರುಳಲ್ಲಿ ಕೂತು ರಕ್ತ ಹೀರುತ್ತೆ, ಚಪ್ಪಲಿ ಮೆಟ್ಟಿ. ಫೆಬ್ರುವರಿ 10, ಆಗಸ್ಟ್ 10ರ ಜಂತುಹುಳು ದಿನಗಳಂದು ಕೊಡುವ ಆಲ್ಬೆಂಡಜೋಲ್ ತಪ್ಪಿಸಬೇಡಿ.

ಕೊನೆಗೆ ಚಿಕ್ಕ ಮಕ್ಕಳಿರುವ ಮನೆಯವರಿಗೆ. ಕೆಂಪು ಮಾತ್ರೆ ಕೂಸಿನ ಕಣ್ಣಿಗೆ ಪೆಪ್ಪರಮಿಂಟೇ. ನಾಲ್ಕೈದು ಮಾತ್ರೆ ನುಂಗಿದರೂ ಪುಟ್ಟ ಮಗುವಿನ ಜೀವಕ್ಕೆ ಕುತ್ತು ಬರಬಹುದು. ವಾಂತಿ ನಿಂತು ಮಗು ಚೆನ್ನಾಗಿದೆ ಅನ್ನಿಸಿದರೂ ನಂಬಬೇಡಿ, ಕೊಂಚ ಹೊತ್ತು ಸುಮ್ಮನಿದ್ದು ಆಮೇಲೆ ಯಕೃತ್ತು ಕೆಡಿಸುವ ವಿಷ ಅದು. ಮಾತ್ರೆಯ ಹಾಳೆ ಸಮೇತ 108 ಆಂಬ್ಯುಲೆನ್ಸಿನಲ್ಲಿ ಆಸ್ಪತ್ರೆಗೆ ಓಡಿ. ಟಿ.ವಿ. ಪಕ್ಕದಲ್ಲೋ ದಿಂಬಿನಡಿಯಲ್ಲೋ ಮಾತ್ರೆ ಇಟ್ಟಿದ್ದರೆ ಈಗಲೇ ಎದ್ದು ಮಗುವಿನ ಕೈಗೆ ಎಟುಕದ ಕಡೆ ಎತ್ತಿಡಿ.